ಎಸ್.ಪಿ. ರೋಡಿಂದ ಅಪ್ಪಯ್ಯನ ಮಂಚದವರೆಗೆ

ಎಸ್.ಪಿ. ರೋಡಿನಲ್ಲಿ ಯಾರೂ ನಡೆಯಲ್ಲ, ನುಸುಳ್ತಾರೆ. ಒಂದು ಕಡೆ ಮಾನಿಟರ್ ಡಬ್ಬಗಳನ್ನು ತಲೆ ಮೇಲೆ ಹೊತ್ತು ಬರುವವರು, ಇನ್ನೊಂದು ಕಡೆ ಹಾರ್ನ್ ಹೊಡೆಯುತ್ತಲೇ ಇರುವ ಸ್ಕೂಟರ್, ಮಧ್ಯದಲ್ಲಿ ಟೀ ಲೋಟಗಳ ಸ್ಟ್ಯಾಂಡ್ ಹಿಡಿದು ಓಡುವ ಹುಡುಗ. ಜುಲೈ ತಿಂಗಳ ಒಂದು ಶನಿವಾರ ಟೌನ್ ಹಾಲ್ ಹತ್ತಿರ ಬಸ್ ಇಳಿದು, ಇವರೆಲ್ಲರ ನಡುವೆ ನುಸುಳುತ್ತಾ ನಾನು ಹುಡುಕುತ್ತಿದ್ದದ್ದು ಬಹಳ ಸಣ್ಣ ಸಾಮಾನು: ನಾಲ್ಕು ಬಟನ್, ಮೂರು ಎಲ್‌ಇಡಿ, ಒಂದು ಮೈಕ್ರೋಕಂಟ್ರೋಲರ್ ಬೋರ್ಡು.

ಸಾದರ್ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೇ ಒಂದು ಕ್ಷಣ ಯೋಚನೆ ಮಾಡ್ತಾರೆ. ಎಸ್.ಪಿ. ರೋಡ್ ಅಂದ್ರೆ ಮುಗೀತು. ಸುತ್ತಮುತ್ತ ಎಲ್ಲಾ ಹಳೇ ಪೇಟೆ. ನಗರ್ತಪೇಟೆ ಪಕ್ಕದಲ್ಲೇ, ಕರಗದ ಧರ್ಮರಾಯಸ್ವಾಮಿ ದೇವಸ್ಥಾನವೂ ದೂರವಿಲ್ಲ. ಅಕ್ಕಿಪೇಟೆ, ತರಗುಪೇಟೆ ಅಂತ ವ್ಯಾಪಾರದ ಹೆಸರಲ್ಲೇ ಬೀದಿಗಳಿರುವ ಊರು ಇದು. ಆ ಲೆಕ್ಕದಲ್ಲಿ ಇದನ್ನು ಚಿಪ್ಪುಪೇಟೆ ಅಂತ ಕರೆದರೂ ತಪ್ಪಿಲ್ಲ. ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಹಾಕಿರ್ತವೆ. ಹೋಗೋದಾದರೆ ಶನಿವಾರ ಹೋಗಿ, ಬೆಳಗ್ಗೆ ಹನ್ನೊಂದರ ನಂತರ.

ನನಗೆ ಈ ಬೀದಿ ಹೊಸದಲ್ಲ. ಎಂಟೊಂಬತ್ತು ವರ್ಷದ ಹಿಂದೆ, ಎಂಜಿನಿಯರಿಂಗ್ ಕೊನೇ ವರ್ಷದಲ್ಲಿ, ನಾವು ನಾಲ್ಕು ಜನ ಇದೇ ಭಾಗಕ್ಕೆ ಬಂದು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಕೊಂಡುಕೊಂಡಿದ್ದೆವು. ಹೌದು, ಮಾಡಲಿಲ್ಲ, ಕೊಂಡುಕೊಂಡೆವು. ಒಂದು ಮಹಡಿ ಮೇಲಿನ ಕೋಣೆ, ಗೋಡೆ ತುಂಬಾ ರೆಡಿಮೇಡ್ ಪ್ರಾಜೆಕ್ಟುಗಳು, ಜೊತೆಗೆ ಸ್ಪೈರಲ್ ಬೈಂಡಿಂಗ್ ಮಾಡಿದ ರಿಪೋರ್ಟ್ ಉಚಿತ. ಬಟನ್ ಒತ್ತಿದರೆ ಮನೆಯ ದೀಪ ಹತ್ತುವ 'ಹೋಮ್ ಆಟೊಮೇಷನ್' ನಮ್ಮ ಪಾಲಿಗೆ ಬಂತು. ನನ್ನ ಪಾಲು ಎರಡೂವರೆ ಸಾವಿರ. ಊರಿಗೆ ಫೋನ್ ಮಾಡಿ "ಅಪ್ಪಯ್ಯ, ಪ್ರಾಜೆಕ್ಟಿಗೆ ಸಾಮಾನು ತರ್ಬೇಕು" ಅಂದಿದ್ದೆ. ಅಡಿಕೆ ದುಡ್ಡಲ್ಲಿ ಮರುದಿನವೇ ಕಳಿಸಿದ್ದರು.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಒಂದೇ ಪ್ರಶ್ನೆ ಕೇಳಿದ್ದು. ಬಟನ್ ಪಕ್ಕದಲ್ಲಿದ್ದ ಒಂದು ಪುಟ್ಟ ರೆಸಿಸ್ಟರ್ ಮೇಲೆ ಪೆನ್ನಿಟ್ಟು, "ಇದು ಇಲ್ಲಿ ಯಾಕಿದೆ?" ಅಂದರು. "ಕರೆಂಟ್ ಕಮ್ಮಿ ಮಾಡಕ್ಕೆ ಸರ್" ಅಂದೆ. ಅವರು ನಕ್ಕರು, ಮಾರ್ಕ್ಸ್ ಕೊಟ್ಟರು. ನಾನು ಪಾಸಾದೆ. ಎಲೆಕ್ಟ್ರಾನಿಕ್ಸ್ ಡಿಗ್ರಿ ಹಿಡಿದು ಸಾಫ್ಟ್‌ವೇರ್ ಕಂಪನಿ ಸೇರಿದೆ. ಆ ಪ್ರಾಜೆಕ್ಟ್ ಊರಿನ ಮನೆಯ ಶೋಕೇಸ್ ಸೇರಿತು. ಬಂದ ನೆಂಟರಿಗೆಲ್ಲ ಅಪ್ಪಯ್ಯ ಬಟನ್ ಒತ್ತಿ ತೋರಿಸಿ, "ನಮ್ಮ ಹುಡುಗ ಮಾಡಿದ್ದು" ಅನ್ನೋರು. ಆಗೆಲ್ಲ ನಾನು ನೀರು ಕುಡಿಯೋ ನೆಪದಲ್ಲಿ ಒಳಗೆ ಹೋಗ್ತಿದ್ದೆ.

ಮೂರು ಬಣ್ಣ, ಮೂರು ಮಾತು

ಈ ಸಲದ ಸಾಮಾನಿಗೆ ಕಾರಣ ಬೇರೆ. ಫೆಬ್ರವರಿಯಲ್ಲಿ ಅಪ್ಪಯ್ಯನಿಗೆ ಸ್ಟ್ರೋಕ್ ಆಯ್ತು. ಬಲಗೈ ಬಲಗಾಲು ಇನ್ನೂ ಹಿಡಿತಕ್ಕೆ ಬಂದಿಲ್ಲ, ಮಾತು ತೊದಲುತ್ತೆ, ಜೋರಾಗಿ ಕೂಗಕ್ಕಾಗಲ್ಲ. ಅಮ್ಮನಿಗೆ ಕಿವಿ ಮಂದ. ಮಲೆನಾಡಿನ ಉದ್ದ ಮನೆ, ಮಲಗುವ ಕೋಣೆಯಿಂದ ಅಡುಗೆಮನೆಗೆ ಹನ್ನೆರಡು ಮೀಟರ್ ಇದೆ. ಮಳೆಗಾಲದಲ್ಲಿ ಹಿತ್ತಲಿನ ತಗಡಿನ ಮೇಲೆ ಮಳೆ ಬಿದ್ದರೆ ಕಿವಿ ಚುರುಕಿದ್ದವರಿಗೂ ಏನೂ ಕೇಳಲ್ಲ. ಒಂದು ದಿನ ಅಪ್ಪಯ್ಯ ನೀರಿಗಾಗಿ ಕರೆದು ಕರೆದು, ಕೊನೆಗೆ ತಾವೇ ಏಳಲು ಹೋಗಿ ಬಿದ್ದರು. ಪೆಟ್ಟು ದೊಡ್ಡದಾಗಲಿಲ್ಲ. ಆದರೆ ಫೋನಿನಲ್ಲಿ ಅಮ್ಮ ಹೇಳಿದ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. "ಅವ್ರು ಎಷ್ಟ್ ಹೊತ್ತು ಕರೆದ್ರೋ ಏನೋ, ನಂಗೆ ಗೊತ್ತೇ ಆಗ್ಲಿಲ್ಲ."

ಆನ್‌ಲೈನಿನಲ್ಲಿ ಒಂದು ವೈರ್‌ಲೆಸ್ ಬೆಲ್ ತರಿಸಿ ಕಳಿಸಿದ್ದೆ. ಮಿಕ್ಸಿ ಹಾಕಿದಾಗ ಅಮ್ಮನಿಗೆ ಅದು ಕೇಳಲ್ಲ, ಕೇಳುವಷ್ಟು ಜೋರಾಗಿಟ್ಟರೆ ಅಪ್ಪಯ್ಯ ಬೆಚ್ಚಿ ಬೀಳ್ತಾರೆ. ಬೇಕಾಗಿದ್ದದ್ದು ಸದ್ದಲ್ಲ, ಬೆಳಕು. ರೆಡಿಮೇಡ್ ಸಿಗಲ್ವಾ ಅಂತ ನೀವು ಕೇಳಬಹುದು. ಹುಡುಕಿದ್ದರೆ ಸಿಗ್ತಿತ್ತು. ಆದರೆ ಬಟನ್ ಒತ್ತಿದರೆ ದೀಪ ಹತ್ತುವ ಯಂತ್ರವನ್ನು ನಾನು ಆಗಲೇ ಒಮ್ಮೆ ರೆಡಿಮೇಡ್ ಕೊಂಡಾಗಿತ್ತಲ್ಲ.

ಲೆಕ್ಕ ಸರಳವಾಗಿತ್ತು. ಮಂಚದ ಪಕ್ಕ ಮೂರು ಬಟನ್. ನೀಲಿ ಅಂದ್ರೆ ನೀರು. ಹಳದಿ ಅಂದ್ರೆ ಬಚ್ಚಲಿಗೆ ಕರ್ಕೊಂಡು ಹೋಗಬೇಕು. ಕೆಂಪು ಅಂದ್ರೆ ಕೈಲಿದ್ದದ್ದು ಬಿಟ್ಟು ಬಾ. ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಅದೇ ಬಣ್ಣದ ಮೂರು ಎಲ್‌ಇಡಿ. ಇಷ್ಟಕ್ಕೆ ಬರೀ ವೈರು, ಬ್ಯಾಟರಿ ಸಾಕಲ್ವಾ? ಸಾಕಾಗಲ್ಲ. ಅಪ್ಪಯ್ಯ ಒತ್ತಿದಾಗ ಅಮ್ಮ ಕೊಟ್ಟಿಗೆಯಲ್ಲಿ ಇರಬಹುದು. ಕೈ ತೆಗೆದ ಕೂಡಲೇ ದೀಪ ಆರಿದರೆ ಏನು ಪ್ರಯೋಜನ? ಒತ್ತಿದ್ದನ್ನು ಯಾರಾದರೂ ನೆನಪಿಟ್ಟುಕೊಂಡು, ಅಮ್ಮ ಬಂದು ನೋಡಿ, ನಾಲ್ಕನೇ ಬಟನ್ ಒತ್ತಿ "ನೋಡಿದೆ" ಅನ್ನುವವರೆಗೆ ದೀಪ ಉರಿಸಬೇಕು. ಆ ನೆನಪಿಟ್ಟುಕೊಳ್ಳುವ ಕೆಲಸಕ್ಕೇ ಮೈಕ್ರೋಕಂಟ್ರೋಲರ್.

ಮೂರು ಮೀಟರ್ ಅಗಲವೂ ಇಲ್ಲದ ಒಂದು ಅಂಗಡಿ. ಹಿಂದೆ ನೂರಾರು ಪುಟ್ಟ ಡ್ರಾಯರ್. ಯಜಮಾನರ ಮನೆಮಾತು ಮಾರವಾಡಿ, ಫೋನಿನಲ್ಲಿ ಹಿಂದಿ, ನನ್ನ ಹತ್ತಿರ ಪೇಟೆಯ ಕನ್ನಡ.

"ಆರ್ಡುಯಿನೋ ಊನೋ ಒಂದು, ಪುಶ್ ಬಟನ್, 10 ಎಂಎಂ ಎಲ್‌ಇಡಿ ಮೂರು ಕಲರ್..."

"ಕಾಲೇಜ್ ಪ್ರಾಜೆಕ್ಟಾ ಸಾರ್?"

ತಲೆಯಲ್ಲಿ ಬಿಳಿ ಕೂದಲು ಶುರುವಾಗಿದೆ, ಆದರೂ ಕೇಳಿದರು. "ಅಲ್ಲ, ಮನೆಗೆ. ನಮ್ ತಂದೆಗೆ" ಅಂದು ವಿಷಯ ಹೇಳಿದೆ. ಅವರು ಡ್ರಾಯರ್ ಎಳೆಯುತ್ತಿದ್ದ ಕೈ ನಿಲ್ಲಿಸಿ, "ಬಟನಿಂದ ಬೋರ್ಡಿಗೆ ಎಷ್ಟು ದೂರ?" ಅಂತ ಕೇಳಿದರು.

"ಹನ್ನೆರಡು ಮೀಟರ್."

ಏನೂ ಹೇಳದೆ ಒಂದು ಹಿಡಿ 104 ಅಂತ ಬರೆದ ಪುಟ್ಟ ಹಳದಿ ಕೆಪಾಸಿಟರ್, ಹತ್ತು 1ಕೆ ರೆಸಿಸ್ಟರ್ ಪೊಟ್ಟಣಕ್ಕೆ ಹಾಕಿದರು. "ಇದು ನಾನು ಕೇಳ್ಲಿಲ್ವಲ್ಲ" ಅಂದೆ. "ಬೇಕಾಗುತ್ತೆ ಸಾರ್. ಬೇಡ ಅಂದ್ರೆ ಮುಂದಿನ ಸಲ ವಾಪಸ್ ಕೊಡಿ." ಎಲ್ಲಾ ಸೇರಿ ಸಾವಿರ ರೂಪಾಯಿ ದಾಟಲಿಲ್ಲ.

ರಾತ್ರಿ ಬಸ್ಸು, ತುಂಗೆಯ ದಾರಿ

ಆ ರಾತ್ರಿಯೇ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆ. ಪೊಟ್ಟಣ ಮಡಿಲಲ್ಲೇ ಇತ್ತು. ಆರ್ಡುಯಿನೋ ಅನ್ನೋ ಹೆಸರು ಬಂದದ್ದು ಇಟಲಿಯ ಇವ್ರಿಯಾ ಎಂಬ ಊರಿಂದ. 2005ರಲ್ಲಿ ಅಲ್ಲಿನ ಡಿಸೈನ್ ವಿದ್ಯಾರ್ಥಿಗಳಿಗೆ ಸುಲಭವಾಗಲಿ ಅಂತ ಶುರುವಾದ ಬೋರ್ಡು. ಅದನ್ನು ಮಾಡಿದವರು ಸೇರುತ್ತಿದ್ದ ಒಂದು ಬಾರಿನ ಹೆಸರನ್ನೇ ಇಟ್ಟರು. ಆ ಬಾರಿಗೆ ಸಾವಿರ ವರ್ಷದ ಹಿಂದಿನ ಒಬ್ಬ ರಾಜನ ಹೆಸರು. ನನ್ನ ಮಡಿಲಲ್ಲಿದ್ದ ಬೋರ್ಡಿನ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ 32 ಕಿಲೋಬೈಟ್ ಜಾಗ, ಕೆಲಸ ಮಾಡಲು 2 ಕಿಲೋಬೈಟ್ ನೆನಪು. ಆಫೀಸಿನ ಲ್ಯಾಪ್‌ಟಾಪಿನಲ್ಲಿ 16 ಜಿಬಿ ಇದ್ದರೂ ಸಾಲದು ಅಂತ ಟಿಕೆಟ್ ಹಾಕಿದವನು ನಾನು.

ಬೆಳಗ್ಗೆ ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಳೆಗಾಲಕ್ಕೆ ಹಕ್ಕಿಗಳು ಬಂದು ಗೂಡು ಕಟ್ಟುವ ಮಂಡಗದ್ದೆ, ಉದ್ದಕ್ಕೂ ತುಂಗೆಯ ಜೊತೆ. ನದಿ ಕೆಂಪಗೆ ತುಂಬಿ ಹರೀತಿತ್ತು. ಸ್ಟ್ರೋಕ್ ಆಗುವ ಮುಂಚೆ ಈ ದಾರಿಯಲ್ಲಿ ಬರುವಾಗ ಅಪ್ಪಯ್ಯ ಫೋನ್ ಮಾಡಿ "ಎಲ್ಲಿಗೆ ಬಂದ್ಯಾ?" ಅಂತ ಮೂರು ಸಲ ಕೇಳೋರು. ಮಂಡಗದ್ದೆ ದಾಟಿದ ಮೇಲೂ ಫೋನ್ ಸುಮ್ಮನಿತ್ತು.

ಜಗಲಿಯ ಮೇಲೆ ವೈವಾ

ಕಾಫಿ ಕುಡಿದು ಜಗಲಿಯಲ್ಲಿ ಚಾಪೆ ಹಾಸಿ ಕೂತೆ. ಅಪ್ಪಯ್ಯ ಒಳಗೆ ಮಂಚದಿಂದಲೇ ನೋಡುತ್ತಿದ್ದರು.

ಎಲ್‌ಇಡಿಗೆ ನೇರ 5 ವೋಲ್ಟ್ ಕೊಟ್ಟರೆ ಅದು ಸುಡುತ್ತೆ, ಚಿಪ್ಪಿನ ಕಾಲೂ ಹಾಳಾಗುತ್ತೆ. ಮಧ್ಯದಲ್ಲಿ ರೆಸಿಸ್ಟರ್ ಬೇಕು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನು ಇಟ್ಟುಕೊಳ್ಳುತ್ತೆ. ಉಳಿದ 3 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ 14 ಮಿಲಿಆಂಪಿಯರ್ ಹತ್ತಿರ. ಒಂದು ಕಾಲಿಗೆ 20ರ ಒಳಗಿದ್ದರೆ ಕ್ಷೇಮ. ನೀಲಿಗೆ ಸುಮಾರು 3 ವೋಲ್ಟ್ ಬೇಕು, ಹಾಗಾಗಿ ಅದರಲ್ಲಿ ಹರಿಯೋದು 9ರಷ್ಟು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ್ದು 1962ರಲ್ಲಿ. ಚೆನ್ನಾಗಿ ಉರಿಯುವ ನೀಲಿ ಬರಲು ಮೂವತ್ತು ವರ್ಷ ಹಿಡೀತು. ಅದಕ್ಕಾಗಿಯೇ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಮನೆಯಲ್ಲಿ ಆ ನೊಬೆಲ್ ಈಗ 'ಒಂದು ಲೋಟ ನೀರು' ಅನ್ನುವ ಕೆಲಸ ಮಾಡ್ತಿದೆ.

ದೀಪ ಹತ್ತಿಸೋದು ಸುಲಭವಾಯ್ತು. ಕಷ್ಟ ಇದ್ದದ್ದು ಬಟನ್ ಓದೋದರಲ್ಲಿ. ಬಟನಿನ ಒಂದು ಕಡೆ 5 ವೋಲ್ಟ್, ಇನ್ನೊಂದು ಕಡೆ ಚಿಪ್ಪಿನ ಕಾಲು. ಒತ್ತಿದರೆ ದೀಪ ಹತ್ತಿತು. ಕೈ ತೆಗೆದರೆ? ಕೆಲವೊಮ್ಮೆ ಆರುತ್ತೆ, ಕೆಲವೊಮ್ಮೆ ಇಲ್ಲ. ವೈರಿನ ಹತ್ತಿರ ಬೆರಳು ತಂದರೇ ಸಾಕು, ದೀಪ ಮಿಣುಕುತ್ತೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೀತು. ಬಟನ್ ಒತ್ತದಿದ್ದಾಗ ಆ ಕಾಲಿಗೆ ಯಾವ ಸಂಬಂಧವೂ ಇಲ್ಲ. ಅದು 5 ವೋಲ್ಟೂ ಅಲ್ಲ, ಸೊನ್ನೆಯೂ ಅಲ್ಲ, ಗಾಳಿಯಲ್ಲಿ ತೇಲುತ್ತಿದೆ. ಸುತ್ತಲಿನ ಕರೆಂಟಿನ ಗಾಳಿ ಬೀಸಿದ ಕಡೆಗೆ ವಾಲುತ್ತೆ. ಅದನ್ನು ಒಂದು ಕಡೆ ಮೆಲ್ಲಗೆ ಹಿಡಿದು ನಿಲ್ಲಿಸಲು ಒಂದು ರೆಸಿಸ್ಟರ್ ಬೇಕು. ಬಟನ್ ಒತ್ತಿದಾಗ ಮಾತ್ರ ಆ ಹಿಡಿತ ಸೋಲಬೇಕು.

ವೈವಾದ ರೆಸಿಸ್ಟರ್! ಎಂಟೊಂಬತ್ತು ವರ್ಷದ ನಂತರ, ಜಗಲಿಯ ಚಾಪೆಯ ಮೇಲೆ, ಆ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೇಳಿದವರು ಮಾತ್ರ ಎದುರಿಗಿರಲಿಲ್ಲ.

ಈ ಚಿಪ್ಪಿನ ಒಳಗೇ ಅಂಥ ರೆಸಿಸ್ಟರ್ ಇದೆ. ಕೋಡಿನಲ್ಲಿ ಒಂದು ಪದ ಬರೆದರೆ ಅದು ಕಾಲನ್ನು 5 ವೋಲ್ಟ್ ಕಡೆಗೆ ಎಳೆದು ಹಿಡಿಯುತ್ತೆ. ಇದೇ ಪುಲ್‌ಅಪ್. ಆಗ ಬಟನಿನ ಇನ್ನೊಂದು ತುದಿಯನ್ನು ಗ್ರೌಂಡಿಗೆ ಕೊಡಬೇಕು. ಲೆಕ್ಕ ತಲೆಕೆಳಗಾಗುತ್ತೆ: ಒತ್ತದಿದ್ದರೆ 1, ಒತ್ತಿದರೆ 0.

ಮುಂದಿನ ತೊಂದರೆ, ಒತ್ತಿದ ಒಂದು ಸಲವನ್ನು ಅದು ನಾಲ್ಕೈದು ಸಲ ಅಂತ ಎಣಿಸುತ್ತಿತ್ತು. ಒಂದು ಸಲ ಒತ್ತಿದರೆ ಹತ್ತಬೇಕು, ಇನ್ನೊಂದು ಸಲಕ್ಕೆ ಆರಬೇಕು ಅಂತ ಮೊದಲು ಬರೆದಿದ್ದೆ. ಹತ್ತಿದ್ದು ತಕ್ಷಣ ಆರುತ್ತಿತ್ತು. ಬಟನಿನ ಒಳಗಿನ ತಗಡು ಮುಟ್ಟಿದ ಕೂಡಲೇ ಸುಮ್ಮನಾಗಲ್ಲ. ಸಿಮೆಂಟ್ ನೆಲಕ್ಕೆ ಬಿದ್ದ ಗೋಲಿಯ ಹಾಗೆ ಕೆಲವು ಮಿಲಿಸೆಕೆಂಡ್ ಪುಟಿಯುತ್ತೆ. ನಮಗೆ ಅದು ಕಾಣಲ್ಲ. ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುವ ಚಿಪ್ಪಿಗೆ ಪ್ರತೀ ಪುಟಿತವೂ ಒಂದೊಂದು ಹೊಸ ಒತ್ತು. ಹಾಗಾಗಿ 50 ಮಿಲಿಸೆಕೆಂಡ್ ಬಟನ್ ಒಂದೇ ಸ್ಥಿತಿಯಲ್ಲಿ ಇದ್ದರೆ ಮಾತ್ರ ನಂಬು ಅಂತ ಕೋಡ್ ಬದಲಿಸಿದೆ. ಆರಿಸುವ ಕೆಲಸವನ್ನೂ ಅಪ್ಪಯ್ಯನ ಬಟನಿಂದ ತೆಗೆದು, ಅಮ್ಮನ ನಾಲ್ಕನೇ ಬಟನಿಗೆ ಕೊಟ್ಟೆ.

ಅಷ್ಟರಲ್ಲಿ ದೊಡ್ಡ ತಪ್ಪು ಕಣ್ಣಿಗೆ ಬಿತ್ತು. ನಾನು ತಂದಿದ್ದ ಬಟನ್ ಉಗುರಿನಷ್ಟು ಸಣ್ಣದು. ಅಪ್ಪಯ್ಯನ ಎಡಗೈಯಲ್ಲಿ ಇಟ್ಟೆ. ಬೆರಳು ಅದರ ಮೇಲೆ ನಿಲ್ಲಲಿಲ್ಲ. ಮೂರು ಸಲ ಪ್ರಯತ್ನ ಮಾಡಿ, ಕೈ ಹಿಂದೆ ತೆಗೆದುಕೊಂಡು, ಗೋಡೆ ಕಡೆ ನೋಡಿದರು. ಬೆಂಗಳೂರಿನಲ್ಲಿ ಕೂತು ನಾನು ಕೋಡಿನ ಬಗ್ಗೆ ಯೋಚನೆ ಮಾಡಿದ್ದೆ, ವೈರಿನ ಬಗ್ಗೆ ಮಾಡಿದ್ದೆ. ಅಪ್ಪಯ್ಯನ ಬೆರಳಿನ ಬಗ್ಗೆ ಮಾಡಿರಲಿಲ್ಲ.

ಮಳೆಯಲ್ಲೇ ಸ್ಕೂಟರ್ ತೆಗೆದು ತೀರ್ಥಹಳ್ಳಿ ಪೇಟೆಗೆ ಹೋದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಾಲಿಂಗ್ ಬೆಲ್ ಸ್ವಿಚ್ ಮೂರು ತಂದೆ, ಗೋಡೆಗೆ ಹಾಕ್ತಾರಲ್ಲ, ಅವೇ. ಅಂಗೈಯಲ್ಲಿ ತಳ್ಳಿದರೂ ಒತ್ತುತ್ತವೆ. ಚಿಪ್ಪಿಗೆ ಎಲ್ಲಾ ಬಟನೂ ಒಂದೇ, ಎರಡು ತಂತಿ ಮುಟ್ಟಿದರೆ ಸಾಕು. ಮೂರನ್ನೂ ಒಂದು ಮರದ ಹಲಗೆಗೆ ಕೂರಿಸಿ, ಬಣ್ಣದ ಟೇಪ್ ಅಂಟಿಸಿ, ಮಂಚದ ಎಡಗಡೆ ಕಟ್ಟಿದೆ. ಹಳೇ ಲ್ಯಾನ್ ಕೇಬಲ್ ಒಂದಿತ್ತು. ಅದರೊಳಗೆ ನಾಲ್ಕು ಜೊತೆ ತಂತಿ. ಮೂರು ಬಟನಿಗೆ ಮೂರು ಜೊತೆ. ಬೋರ್ಡು, ಎಲ್‌ಇಡಿ ಎರಡೂ ಅಡುಗೆಮನೆಯಲ್ಲಿ, ಒಂದು ಹಳೇ ಪ್ಲಾಸ್ಟಿಕ್ ಡಬ್ಬಿಯೊಳಗೆ. ಮೊದಲು ಪವರ್ ಬ್ಯಾಂಕ್ ಕೊಟ್ಟು ನೋಡಿದೆ. ಬೋರ್ಡು ಎಳೆಯುವ ಕರೆಂಟ್ ತೀರಾ ಕಡಿಮೆ, ಫೋನ್ ತೆಗೆದುಬಿಟ್ಟರು ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗ್ತಿತ್ತು. ಕೊನೆಗೆ ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಕೂರಿಸಿದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬಕ್ಕಾಗಲ್ಲ ಅಂತ ನಿಮಗೆ ಹೇಳಬೇಕಿಲ್ಲ.

ಮಿಕ್ಸಿ ಮಾಡಿದ ಮೋಸ

ಸಂಜೆ ಎಲ್ಲಾ ಸರಿಯಿತ್ತು. ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದರು. ಮೂರೂ ದೀಪ ಒಟ್ಟಿಗೆ ಹತ್ತಿದವು.

ಅಮ್ಮ ಮಿಕ್ಸಿ ಹಾಗೇ ಬಿಟ್ಟು ಓಡಿದರು. ನಾನೂ ಹಿಂದೆ ಓಡಿದೆ. ಅಪ್ಪಯ್ಯ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಅಮ್ಮ ಬಾಗಿಲು ಹಿಡಿದು ನಿಂತು ಏದುಸಿರು ಬಿಡುತ್ತಾ, "ಇದು ಬ್ಯಾಡ ಮಾರಾಯ. ಸುಳ್ಳು ಸುಳ್ಳೇ ಕರೆದ್ರೆ, ನಿಜ ಕರೆದಾಗ ನಾನು ಓಡ್ದೇ ಇರ್ತೀನಿ" ಅಂದರು. ಆಫೀಸಿನಲ್ಲಿ ಸುಳ್ಳು ಅಲರ್ಟುಗಳ ಬಗ್ಗೆ ನಾವು ಗಂಟೆಗಟ್ಟಲೆ ಮೀಟಿಂಗ್ ಮಾಡ್ತೀವಿ. ಅಮ್ಮ ಒಂದೇ ಸಾಲಿನಲ್ಲಿ ಮುಗಿಸಿದ್ದರು.

ಹನ್ನೆರಡು ಮೀಟರ್ ವೈರು ಅಂದ್ರೆ ಹನ್ನೆರಡು ಮೀಟರ್ ಆಂಟೆನಾ. ಮಿಕ್ಸಿಯ ಮೋಟಾರಿನೊಳಗಿನ ಬ್ರಶ್‌ಗಳು ಕಿಡಿ ಹಾರಿಸುವಾಗ ಅದು ಎಲ್ಲವನ್ನೂ ಹಿಡಿಯುತ್ತೆ. ಚಿಪ್ಪಿನ ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್, ಬಹಳ ಮೆದು ಹಿಡಿತ. ಮೇಜಿನ ಮೇಲಿನ ಆಟಕ್ಕೆ ಸಾಕು, ಮಿಕ್ಸಿಯ ಎದುರು ನಿಲ್ಲಲ್ಲ. ಹಿಡಿತ ಗಟ್ಟಿ ಮಾಡಲು ಹೊರಗಡೆ ಇನ್ನೂ ಬಲವಾದ ರೆಸಿಸ್ಟರ್ ಬೇಕು, ಸಣ್ಣ ಸಿಡುಕುಗಳನ್ನು ನುಂಗಲು ಒಂದು ಕೆಪಾಸಿಟರ್.

1ಕೆ. 104. ಎಸ್.ಪಿ. ರೋಡಿನ ಯಜಮಾನರು ಕೇಳದೆ ಹಾಕಿದ ಪೊಟ್ಟಣ.

ಬ್ಯಾಗಿನ ತಳದಲ್ಲಿ ಅದು ಸಿಕ್ಕಾಗ ಆ ಪೇಟೆಯ ಕಡೆ ಕೈ ಮುಗಿಯಬೇಕು ಅನ್ನಿಸಿತು. ಒಂದೊಂದು ಬಟನಿನ ಕಾಲಿಗೆ 5 ವೋಲ್ಟಿಂದ ಒಂದು 1ಕೆ, ಗ್ರೌಂಡಿಗೆ ಒಂದು 104. ರಾತ್ರಿ ಹತ್ತಕ್ಕೆ ಮುಗೀತು. ಅಮ್ಮನನ್ನು ಎಬ್ಬಿಸಿ ಖಾಲಿ ಮಿಕ್ಸಿ ಹತ್ತು ಸಲ ಹಾಕಿಸಿದೆ. ಒಂದು ದೀಪವೂ ಅಲುಗಲಿಲ್ಲ. "ಅಕ್ಕಪಕ್ಕದೋರು ಈ ಮನೇಲಿ ಎಂತ ಆಗಿದೆ ಅನ್ಕಂಡಾರು" ಅಂತ ಅಮ್ಮ ನಗುತ್ತಾ ಹೋಗಿ ಮಲಗಿದರು.

ನೀಲಿ ದೀಪ

ಸೋಮವಾರ ಬೆಳಗ್ಗೆ ಅಪ್ಪಯ್ಯನ ಪಕ್ಕ ಕೂತು ಒಂದೊಂದೇ ಬಟನ್ ಹೇಳಿಕೊಟ್ಟೆ. ಅವರು ಹಲಗೆ ನೋಡಿದರು, ನಂತರ ಶೋಕೇಸ್ ಕಡೆ ಕಣ್ಣು ಹೊರಳಿಸಿದರು. ತೊದಲುತ್ತಾ, "ಅದ್ರ... ಹಂಗೇ" ಅಂದರು. ಅಲ್ಲಿ ಧೂಳು ಹಿಡಿದ ಹೋಮ್ ಆಟೊಮೇಷನ್ ಕೂತಿತ್ತು.

ಎದ್ದು ನೀರು ಕುಡಿಯಲು ಹೋಗಬಹುದಿತ್ತು. ಹೋಗಲಿಲ್ಲ.

"ಅಪ್ಪಯ್ಯ, ಅದು ನಾನು ಮಾಡಿದ್ದಲ್ಲ. ದುಡ್ಡು ಕೊಟ್ಟು ತಂದಿದ್ದು. ಸಾಮಾನಿಗೆ ಅಂತ ನಿಮ್ಮ ಹತ್ರ ಸುಳ್ಳು ಹೇಳಿದ್ದೆ."

ಅವರು ನನ್ನನ್ನೇ ನೋಡಿದರು. ಸ್ಟ್ರೋಕ್ ಆದ ಮೇಲೆ ಅವರ ಮುಖದಲ್ಲಿ ಏನಿದೆ ಅಂತ ಓದೋದು ಕಷ್ಟ. ಸುಮಾರು ಹೊತ್ತು ಹಾಗೇ ಇದ್ದು, ಎಡಗೈ ಎತ್ತಿ, ನೀಲಿ ಬಟನ್ ಮೇಲೆ ಅಂಗೈ ಇಟ್ಟು ಒತ್ತಿದರು.

ಅಡುಗೆಮನೆಯಿಂದ ಅಮ್ಮ ಲೋಟದಲ್ಲಿ ನೀರು ತಂದರು. ಅಪ್ಪಯ್ಯ ಕುಡಿಯಲಿಲ್ಲ. ಲೋಟವನ್ನು ನನ್ನ ಕಡೆ ತೋರಿಸಿ, "ಅವ್ನಿಗೆ" ಅಂದರು. ಆಮೇಲೆ ಹಲಗೆ ಮುಟ್ಟಿ, ಅಮ್ಮನಿಗೆ, ಒಂದೊಂದೇ ಅಕ್ಷರ ಹುಡುಕಿ, "ಇದು... ಅವ್ನೇ... ಮಾಡಿದ್ದು" ಅಂದರು.

ನಾನು ನೀರು ಕುಡಿದೆ. ಈ ಸಲ ಅಲ್ಲೇ ಕೂತು.

ಬೆಂಗಳೂರಿಗೆ ವಾಪಸ್ ಬಂದು ಎರಡು ತಿಂಗಳಾಯ್ತು. ಅಮ್ಮ ಹೇಳುವ ಪ್ರಕಾರ ಕೆಂಪು ದೀಪ ಇನ್ನೂ ಒಮ್ಮೆಯೂ ಹತ್ತಿಲ್ಲ. ನೀಲಿ ಮಾತ್ರ ದಿನಕ್ಕೆ ಹತ್ತು ಸಲ ಹತ್ತುತ್ತಂತೆ, ಅರ್ಧ ಸಲ ಬಾಯಾರಿಕೆಗಲ್ಲ, ಸುಮ್ಮನೆ ಬಂದು ಪಕ್ಕದಲ್ಲಿ ಕೂತ್ಕೊಳ್ಳಲಿ ಅಂತ. ಅದಕ್ಕೆ ಬೇರೆ ಬಣ್ಣದ ದೀಪ ಹಾಕಿಕೊಡು ಅಂತ ಅಮ್ಮನ ಬೇಡಿಕೆ. ಲ್ಯಾನ್ ಕೇಬಲ್ಲಿನಲ್ಲಿ ಒಂದು ಜೊತೆ ತಂತಿ ಹೇಗೂ ಖಾಲಿ ಇದೆ. ಈ ಶನಿವಾರ ಮತ್ತೆ ಎಸ್.ಪಿ. ರೋಡಿಗೆ ಹೋಗ್ತಿದ್ದೀನಿ. ಉಳಿದ ಕೆಪಾಸಿಟರ್‌ಗಳನ್ನು ವಾಪಸ್ ಕೊಡಲ್ಲ. ಆದರೆ ಅವು ಯಾಕೆ ಬೇಕಾದವು ಅಂತ ಆ ಯಜಮಾನರಿಗೆ ಹೇಳಿ ಬರಬೇಕು.